ಮಂಗನ ಕಾಯಿಲೆಗೆ ಮರುಭೂಮಿಯ ನಂಟು: ಅಕ್ಷರ ಹೋಲಿಕೆ ಹೇಳಿದ ಕಥೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಮಲೆನಾಡಿಗರಿಗೆ ಚಿರಪರಿಚಿತ. 1995ರಲ್ಲಿ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಜ್ವರಪೀಡಿತ ರೋಗಿಗಳಲ್ಲಿ ಹೊಸ ವೈರಸ್ಸೊಂದು ಕಂಡುಬಂತು. ಅದಕ್ಕೆ 'ಅಲ್‌ಖುರ್ಮಾ' ಎಂದು ಹೆಸರಾಯಿತು. ಕಡಲಾಚೆಯ ಈ ವೈರಸ್ ಕ್ಯಾಸನೂರಿನ ವೈರಸ್ಸಿಗೆ ಅತಿ ಸಮೀಪದ ಬಂಧು ಎಂಬುದನ್ನು ಖಚಿತಪಡಿಸಿದ್ದು ಇವೆರಡರ ವಂಶವಾಹಿ ಅಕ್ಷರಗಳ ಹೋಲಿಕೆ.

ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳ ಸರಪಳಿ. ಈ ವೈರಸ್ಸುಗಳಲ್ಲಿರುವುದು ಆರ್‌ಎನ್‌ಎ. ಪ್ರಯೋಗಾಲಯದಲ್ಲಿ ಅದನ್ನು ಡಿಎನ್‌ಎ ರೂಪಕ್ಕೆ ತಂದು ಓದಲಾಗುತ್ತದೆ. ಒಂದೊಂದರ ಉದ್ದ 10 ಸಾವಿರಕ್ಕೂ ಹೆಚ್ಚು ಅಕ್ಷರ. ದತ್ತಾಂಶ ಭಂಡಾರದಲ್ಲಿರುವ ಅಸಂಖ್ಯ ಸರಣಿಗಳೊಡನೆ ಇದನ್ನು ಕಣ್ಣಳತೆಯಲ್ಲಿ ಹೋಲಿಸುವುದು ಅಸಾಧ್ಯ.

ಹುಡುಕಾಟ ಹೇಗೆ?

ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶ 'ಬ್ಲಾಸ್ಟ್'. ಅಮೆರಿಕದ ವಿಜ್ಞಾನಿ ಸ್ಟೀಫನ್ ಆಲ್ಟ್‌ಶುಲ್ ಮತ್ತು ಸಂಗಡಿಗರು 1990ರಲ್ಲಿ ಇದರ ವಿಧಾನವನ್ನು ಪ್ರಕಟಿಸಿದರು. ಇದು ಇಡೀ ಸರಣಿಯನ್ನು ಒಮ್ಮೆಲೇ ಹೋಲಿಸುವುದಿಲ್ಲ. ಮೊದಲು, ಉದಾಹರಣೆಗೆ 11 ಅಕ್ಷರಗಳ ಸಣ್ಣ ತುಣುಕುಗಳನ್ನು ಮಾಡಿ, ಅವು ಭಂಡಾರದಲ್ಲಿ ಎಲ್ಲೆಲ್ಲಿವೆ ಎಂದು ಹುಡುಕುತ್ತದೆ. ಹೊಂದಿಕೆ ಸಿಕ್ಕಲ್ಲಿ ಎರಡೂ ದಿಕ್ಕಿಗೆ ಹೋಲಿಕೆಯನ್ನು ವಿಸ್ತರಿಸಿ ಅಂಕ ನೀಡುತ್ತದೆ. ಉಳಿದ ಭಾಗವನ್ನು ಬಿಟ್ಟುಬಿಡುವುದರಿಂದಲೇ ಅದಕ್ಕೆ ಇಷ್ಟು ವೇಗ.

ಡಿಎನ್‌ಎಯೋ, ಪ್ರೋಟೀನೋ?

ಸಿಟಿಟಿ, ಸಿಟಿಸಿ, ಸಿಟಿಎ, ಸಿಟಿಜಿ: ಈ ನಾಲ್ಕೂ ಸೂಚಿಸುವುದು ಲ್ಯೂಸಿನ್ ಎಂಬ ಒಂದೇ ಅಮೈನೋ ಆಮ್ಲವನ್ನು. ಹೀಗಾಗಿ ಅಕ್ಷರ ಬದಲಾದರೂ ಪ್ರೋಟೀನು ಬದಲಾಗದೆ ಉಳಿಯಬಹುದು. ಕ್ಯಾಸನೂರು ಮತ್ತು ಅಲ್‌ಖುರ್ಮಾ ವೈರಸ್ಸುಗಳ ನಡುವೆ ಅಕ್ಷರ ಮಟ್ಟದ ಸಾಮ್ಯ ಸುಮಾರು ಶೇ. 90, ಪ್ರೋಟೀನು ಮಟ್ಟದಲ್ಲಿ ಅದು ಶೇ. 95ಕ್ಕೂ ಅಧಿಕ. ಬಹುಕಾಲದ ಹಿಂದೆ ಬೇರೆಯಾದ ಜೀವಿಗಳ ಸಂಬಂಧ ಹುಡುಕುವಾಗ ವಿಜ್ಞಾನಿಗಳು ಪ್ರೋಟೀನು ಹೋಲಿಕೆಗೇ ಆದ್ಯತೆ ನೀಡಲು ಇದೇ ಕಾರಣ.

ಅಂಕಿಯ ಎಚ್ಚರಿಕೆ

ಫಲಿತಾಂಶದಲ್ಲಿ ಶೇಕಡಾವಾರು ಸಾಮ್ಯವೊಂದನ್ನೇ ನಂಬುವಂತಿಲ್ಲ. ಕೇವಲ 15 ಅಕ್ಷರಗಳು ಶೇ. 100ರಷ್ಟು ಹೊಂದಿದರೂ ಅದು ಆಕಸ್ಮಿಕವಿರಬಹುದು. ಅಷ್ಟು ದೊಡ್ಡ ಭಂಡಾರದಲ್ಲಿ ಇಂಥ ಹೊಂದಿಕೆ ಆಕಸ್ಮಿಕವಾಗಿ ಎಷ್ಟು ಬಾರಿ ಸಿಗಬಹುದು ಎಂಬುದನ್ನು 'ಇ-ಮೌಲ್ಯ' ತಿಳಿಸುತ್ತದೆ. ಅದು ಸೊನ್ನೆಗೆ ಹತ್ತಿರವಾದಷ್ಟೂ ನಂಟು ಗಟ್ಟಿ.

ಆದರೆ ನಂಟಿದೆ ಎಂದು ಹೇಳುವ ಹೋಲಿಕೆ, ಅದು ಯಾವ ಕಾಲದ್ದು ಎಂದು ತಾನಾಗಿ ಹೇಳದು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ವಂಶವಾಹಿಯ ಕೆಲವು ಭಾಗಗಳನ್ನಷ್ಟೇ ಆಧರಿಸಿ, ಈ ಎರಡು ವೈರಸ್ಸುಗಳು ಬೇರೆಯಾದದ್ದು ಕೆಲವೇ ದಶಕಗಳ ಹಿಂದೆ ಎಂದು ಅಂದಾಜಿಸಿತು. 2011ರಲ್ಲಿ ಪೂರ್ಣ ವಂಶವಾಹಿಯನ್ನು ಹೋಲಿಸಿದ ಮತ್ತೊಂದು ತಂಡ ಸುಮಾರು 700 ವರ್ಷ ಎಂದಿತು. ಎರಡನೆಯ ಲೆಕ್ಕ ಸರಿಯಾದರೆ, ಅರೇಬಿಯಾಕ್ಕೂ ಮಲೆನಾಡಿಗೂ ನಡುವಣ ಪ್ರದೇಶಗಳಲ್ಲಿ ಇನ್ನೂ ಪತ್ತೆಯಾಗದ ಬಂಧು ವೈರಸ್ಸುಗಳು ಉಣ್ಣೆಗಳಲ್ಲಿ ಅಡಗಿರುವ ಸಾಧ್ಯತೆಯಿದೆ. ಅವುಗಳನ್ನು ಹುಡುಕಲು ಕಾಡಿಗೇ ಹೋಗಬೇಕು. ಭಂಡಾರದಲ್ಲಿ ಇಲ್ಲದ ಸರಣಿಯನ್ನು ಯಾವ ತಂತ್ರಾಂಶವೂ ಹುಡುಕಿಕೊಡಲಾರದು.