ದಿಕ್ಕು ನೋಡಿ ಕೂಗುವ ಆಂಟೆನಾ

೨೦೦೪ರ ಡಿಸೆಂಬರ್ ೨೬ರ ಸುನಾಮಿಯಲ್ಲಿ ಅಂಡಮಾನಿನ ಟೆಲಿಫೋನುಗಳು ಕೆಟ್ಟುಹೋದವು. ನಮ್ಮ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಆಗ ಪೋರ್ಟ್ ಬ್ಲೇರಿನಲ್ಲೇ ಇದ್ದರು. ಹ್ಯಾಮ್ ರೇಡಿಯೊದಿಂದಲೇ ಸುದ್ದಿ ದಾಟಿಸಿದರು. ಇಂಥ ಕೆಲಸವನ್ನು, ಟವರು ಎಕ್ಸ್‌ಚೇಂಜುಗಳ ಹಂಗಿಲ್ಲದೆ, ಯಂತ್ರಗಳೇ ಒಂದರಿಂದೊಂದಕ್ಕೆ ಮಾಡಿಕೊಂಡು ಹೋಗುವ ಏರ್ಪಾಟಿಗೆ ‘ಆಡ್ ಹಾಕ್ ಜಾಲ’ ಅಂತಾರೆ.

ಸಾದಾ ಆಂಟೆನಾ ಅಂದರೆ ತಾರ್ನಾಕದ ಚೌರಸ್ತಾದಲ್ಲಿ ನಿಂತು ಗೆಳೆಯನನ್ನು ಕೂಗಿದ ಹಾಗೆ. ಕೇಳಬೇಕಾದವನು ಒಬ್ಬ, ಮಿಕ್ಕವರಿಗೆಲ್ಲ ಗದ್ದಲ. ಒಬ್ಬ ಮಾತಾಡುವಾಗ ಸುತ್ತಲಿನವರು ಸುಮ್ಮನಿರಬೇಕು. ಹೊಲದಲ್ಲಿ ಆಚೆ ದಿಬ್ಬದವರನ್ನು ಕರೆಯುವಾಗ ಬಾಯಿಗೆ ಎರಡೂ ಕೈ ಅಡ್ಡ ಹಿಡೀತಾರಲ್ಲ, ದಿಕ್ಕಿನ ಆಂಟೆನಾ ಮಾಡುವುದು ಅದನ್ನೇ. ಹಿಂದೆ ಮಾಳಿಗೆಗಳ ಮೇಲೆ ಮೀನಿನ ಮುಳ್ಳಿನಂತೆ ಕಾಣುತ್ತಿದ್ದ ಟಿ.ವಿ. ಏರಿಯಲ್ ಇದೇ ಜಾತಿಯದು. ಜಪಾನಿನ ಉಡಾ ಮತ್ತು ಯಾಗಿ ೧೯೨೬ರಲ್ಲಿ ಅದನ್ನು ಲೋಕದ ಮುಂದಿಟ್ಟರು.

ಕಾಮರ್ಸಿನವರ ರೀತಿಯಲ್ಲಿ ಮೊದಲು ಜಮಾ ನೋಡೋಣ. ಶಕ್ತಿಯನ್ನೆಲ್ಲ ವೃತ್ತದ ಕಾಲು ಭಾಗಕ್ಕೇ ಹರಿಸಿದರೆ ಆ ಕಡೆಗೆ ಸುಮಾರು ನಾಲ್ಕು ಪಟ್ಟು ಬಲ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಅದೇ ಬ್ಯಾಟರಿಯಲ್ಲಿ ಮಾತು ಎರಡರಷ್ಟು ದೂರ ಹೋದೀತು. ಪಕ್ಕದ ಇನ್ನೊಂದು ಜೋಡಿಯೂ ಅದೇ ಹೊತ್ತಿಗೆ ಮಾತಾಡಬಹುದು.

ಇನ್ನು ಖರ್ಚು. ‘ಅ’ ಎಂಬುವನು ‘ಬ’ ಕಡೆ ತಿರುಗಿ ಮಾತಾಡುತ್ತಿರುವಾಗ ಬೆನ್ನ ಹಿಂದಿನಿಂದ ‘ಕ’ ಕೂಗಿದರೆ ಅವನಿಗೆ ಕೇಳಿಸದು. ಇದನ್ನು ಬಲ್ಲವರು ‘ಕಿವುಡು’ ಅಂತಲೇ ಕರೆಯುತ್ತಾರೆ. ಉತ್ತರ ಬಾರದ ‘ಕ’ ಗದ್ದಲವಿದೆ ಅಂದುಕೊಂಡು ಕಾಯ್ತಾನೆ, ಮತ್ತೆ ಕೂಗ್ತಾನೆ. ಪ್ರತಿಸಲ ಕಾಯುವ ಅವಧಿ ಇಮ್ಮಡಿಯಾಗುತ್ತ ಹೋಗುತ್ತದೆ. ಕಡೆಗೆ ‘ಅ’ ಇಲ್ಲವೇ ಇಲ್ಲ ಎಂದು ಆ ದಾರಿಯನ್ನೇ ಬಿಟ್ಟುಬಿಡುತ್ತಾನೆ. ಪ್ರವಾಹವೋ ಭೂಕಂಪವೋ ಆದಾಗ ಹಾಗೆ ಬೆನ್ನ ಹಿಂದೆ ಉಳಿದ ದನಿಯೇ ಸಹಾಯ ಬೇಡುವವನದಾಗಿದ್ದರೆ? ಅಲ್ಲದೆ ಯಾರು ಯಾವ ದಿಕ್ಕಿನಲ್ಲಿದ್ದಾರೆ ಅಂತ ಮೊದಲೇ ಗೊತ್ತಿರಬೇಕು. ಜನ ಓಡಾಡುತ್ತಿದ್ದರೆ ಅದೂ ಕಷ್ಟ.

ಇದಕ್ಕೆ ಉಪಾಯಗಳಿವೆ. ಕೆಲಸವಿಲ್ಲದಾಗ ನಾಲ್ಕೂ ಕಡೆ ಕಿವಿಗೊಟ್ಟಿದ್ದು, ಕರೆ ಬಂದ ಮೇಲೆ ಆ ಕಡೆ ತಿರುಗುವುದು ಒಂದು. ಮಾತು ಶುರುಮಾಡುವ ಮುಂಚೆ ದಿಕ್ಕು ದಿಕ್ಕಿಗೂ ‘ಇಷ್ಟು ಹೊತ್ತು ನಾನು ಮಾತಿನಲ್ಲಿರ್ತೀನಿ’ ಎಂದು ಸಾರುವುದು ಇನ್ನೊಂದು. ಸಾರುವುದಕ್ಕೂ ಸಮಯ ಖರ್ಚಾಗುತ್ತದೆ ಅನ್ನೋದನ್ನು ಮರೆಯಬಾರದು.

ಹೀಗಾಗಿ ಗುಡ್ಡದಿಂದ ಗುಡ್ಡಕ್ಕೆ, ಜಾಗ ಬದಲಾಗದ ಕಡೆ, ದಿಕ್ಕಿನ ಆಂಟೆನಾದಲ್ಲಿ ಲಾಭವೇ ಹೆಚ್ಚು. ಓಡಾಡುವವರ ಜಾಲದಲ್ಲಿ ಮಾತು ಒಂದು ಕಡೆಗಿದ್ದರೂ ಕಿವಿ ಎಲ್ಲ ಕಡೆಗೂ ಇರುವಂತೆ ನೋಡಿಕೊಳ್ಳಬೇಕು.