ಮಗು ಹಿಸುಕುತ್ತಲೇ ಕೂರುವ ಆ ಮಣ್ಣಿನಲ್ಲಿ ಏನಿದೆ?

ಪ್ರಶ್ನೆ: ಮಣ್ಣೆತ್ತಿನ ಅಮಾವಾಸ್ಯೆಗೆ ಊರ ಮಕ್ಕಳನ್ನೆಲ್ಲ ಗುಡಿಯ ಕಟ್ಟೆಗೆ ಸೇರಿಸಿ, ಎರೆಮಣ್ಣು ಕೊಟ್ಟು ಎತ್ತು ಮಾಡಿಸಿದರು. ಮೂರು ವರ್ಷದ ನನ್ನ ಮೊಮ್ಮಗಳು ಎತ್ತು ಮಾಡಲೇ ಇಲ್ಲ, ಮಣ್ಣು ಹಿಸುಕುತ್ತಲೇ ಕೂತಳು. ಉಸುಕಿನಲ್ಲಿ ಇಷ್ಟು ಹೊತ್ತು ಆಡುವುದಿಲ್ಲ. ಯಾಕೆ?

ಉತ್ತರ: ಉಸುಕಿನ ಕಣ ಕಣ್ಣಿಗೆ ಕಾಣುವಷ್ಟು ದಪ್ಪ. ಹಸಿ ಉಸುಕಿನ ಗುಬ್ಬಿಗೂಡು ನಿಲ್ಲುವುದು ಕಣಗಳ ನಡುವಿನ ನೀರಿನ ಸೆಳೆತದಿಂದ. ನೀರು ಆರಿತೋ, ಗೂಡು ಕುಸಿಯಿತು. ಎರೆಮಣ್ಣಿನಲ್ಲಿ ಹೆಚ್ಚಾಗಿರುವುದು ಜೇಡಿ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು, ಅದೂ ಹಾಳೆಯಂತೆ ಚಪ್ಪಟೆ. ಹಾಳೆಗಳ ನಡುವೆ ನೀರಿನ ತೆಳು ಪದರ. ಒತ್ತಿದರೆ ಒಂದರ ಮೇಲೊಂದು ಜಾರುತ್ತವೆ, ಕೈಬಿಟ್ಟರೆ ಜಾರಿದಲ್ಲೇ ನಿಲ್ಲುತ್ತವೆ. ಹೆಬ್ಬೆರಳು ಊರಿದಲ್ಲಿ ಗುಳಿ ಉಳಿಯುತ್ತದೆ, ಬೆರಳಿನ ಗೆರೆಗಳ ಸಮೇತ. ನಾನು ಒತ್ತಿದ್ದಕ್ಕೇ ಇದು ಹೀಗಾಯಿತು ಎಂಬುದು ಆ ವಯಸ್ಸಿಗೆ ಎಂಥ ದೊಡ್ಡ ಸಂಗತಿ!

ಮಕ್ಕಳು ಸಾಮಾನ್ಯವಾಗಿ ಮೊದಲು ಹಿಸುಕುತ್ತಾರೆ, ಆಮೇಲೆ ಉಳಿದ ಮುದ್ದೆಯನ್ನೇ ಎತ್ತು ಅನ್ನುತ್ತಾರೆ. ಎತ್ತು ಮಾಡಬೇಕೆಂದೇ ಕೂರುವುದು ಇನ್ನೂ ಮುಂದಿನ ಮಾತು. ದಯವಿಟ್ಟು ಅವಳ ಕೈಯಿಂದ ಮಣ್ಣು ತೆಗೆದುಕೊಂಡು ಕೊಂಬು ತಿದ್ದಿಕೊಡಬೇಡಿ. ಆ ಹೊತ್ತು ಅವಳದ್ದು.

ಇನ್ನೊಂದು ಮಾತು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಆರುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದೂ, ಬಿಸಿಲಿಗಿಟ್ಟ ಎತ್ತಿನ ಕಾಲು ಬಿರಿಯುವುದೂ ಅದಕ್ಕೇ. ಅವಳ ಮುದ್ದೆಯನ್ನು ನೆರಳಲ್ಲಿಟ್ಟು, ಮೇಲೆ ಹಸಿ ಬಟ್ಟೆ ಹೊದಿಸಿ ನಿಧಾನವಾಗಿ ಆರಲು ಬಿಡಿ.