ಝೀರೋ ಕ್ಯಾಂಡಲ್

ವಠಾರದ ಓಣಿಯಲ್ಲಿ ಆರು ಮೀಟರುಗಳಿವೆ. ಬಿಸಿಲಿನಿಂದ ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅವುಗಳ ಆರು ಕೆಂಪು ಚುಕ್ಕೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಮರದ ಹಲಗೆ, ಪಿಂಗಾಣಿ ಫ್ಯೂಸುಗಳು, ಹೋದ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ, ಒಣಗಿ ಕಡ್ಡಿಯಾದ ಸೇವಂತಿಗೆ ಒಂದೊಂದಾಗಿ ಕಾಣಿಸುತ್ತವೆ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ವಠಾರಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಮುಂದೆ ಮಾಲೀಕರ ಮನೆ, ಹಿಂದಕ್ಕೆ ರೈಲು ಡಬ್ಬಿಯಂತೆ ಸಾಲು ಮನೆ, ಕೊನೆಗೊಂದು ಬಾವಿ. ಬಾವಿಯ ಮೇಲೆ ಈಗ ಕಬ್ಬಿಣದ ಜಾಲರಿ, ಜಾಲರಿಯ ಮೇಲೆ ಹಪ್ಪಳ.

ಚುಕ್ಕೆ ಮಿಟುಕುವುದನ್ನು ನೋಡಿದರೆ ಒಳಗಿನ ಸಂಸಾರ ತಿಳಿಯುತ್ತದೆ. ಮೀಟರಿನ ಮುಖದ ಮೇಲೆ ಸಣ್ಣಕ್ಷರದಲ್ಲಿ 3200 ಎಂದಿದೆ. ಅಷ್ಟು ಸಲ ಮಿಟುಕಿದರೆ ಒಂದು ಯೂನಿಟ್. ಬೆಳಿಗ್ಗೆ ಆರೂವರೆಗೆ ಮಾಲೀಕರ ಮೀಟರು ಸೆಕೆಂಡಿಗೆ ಎರಡು ಸಲ ಬಡಿದುಕೊಂಡರೆ ಗೀಸರ್ ಹಾಕಿದ್ದಾರೆಂದು ಅರ್ಥ. ಬಟ್ಟೆ ಹೊಲಿಯುವ ಅಕ್ಕನ ಚುಕ್ಕೆ ಬಿಟ್ಟುಬಿಟ್ಟು ಓಡುತ್ತದೆ, ಅವರ ಮಿಷನ್ನಿನ ಹಾಗೆಯೇ. ಕೊನೆಯದು ಅಜ್ಜಿಯ ಮೀಟರು. ರಾತ್ರಿ ಅದರ ಮುಂದೆ ನಿಂತರೆ, ಕೆಟ್ಟುಹೋಗಿದೆಯೇನೋ ಎಂದು ಅನುಮಾನ ಬರಬೇಕು. ಅಷ್ಟರಲ್ಲಿ ಒಮ್ಮೆ ಮಿಟುಕುತ್ತದೆ. ಒಂದೂಕಾಲು ನಿಮಿಷಕ್ಕೊಂದು ಸಲ. ಒಳಗೆ ದೇವರ ಪಟದ ಮೇಲೆ ಝೀರೋ ಕ್ಯಾಂಡಲ್ ಬಲ್ಬು ಉರಿಯುತ್ತಿದೆ, ಬೇರೇನೂ ಇಲ್ಲ.

ತಿಂಗಳಿಗೊಮ್ಮೆ ಕರೆಂಟ್ ಬಿಲ್ಲಿನ ಹುಡುಗ ಬರುತ್ತಾನೆ. ಹತ್ತಕ್ಕೆ ಮುಂಚೆ ಬರುವುದಿಲ್ಲ, ಹನ್ನೆರಡು ದಾಟಿದರೆ ಅವತ್ತಿಗೆ ಇಲ್ಲ. ಆ ಎರಡು ಗಂಟೆ ವಠಾರದ ಹೆಂಗಸರ ಒಂದು ಕಿವಿ ಒಲೆಯ ಮೇಲಿನ ಕುಕ್ಕರಿಗೆ, ಇನ್ನೊಂದು ಗೇಟಿಗೆ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಕೊರಳಿಗೆ ಮಿಷನ್ ನೇತು ಹಾಕಿಕೊಂಡು ಅವನು ಓಣಿಗೆ ಕಾಲಿಟ್ಟರೆ ಆರೂ ಬಾಗಿಲಲ್ಲಿ ತಲೆಗಳು. ಮಿಷನ್ ಕರ್ರೆಂದು ಕಾಗದ ಕಕ್ಕುತ್ತದೆ. ಅವನು ಹರಿದು ಕೊಡುತ್ತಾನೆ, ಬಾಯಿಬಿಟ್ಟು ಹೇಳುವುದು ಹೆಚ್ಚಾಗಿ ಒಂದೇ ಮಾತು: "ಝೀರೋ." ಮುಂದಿನ ಮನೆ. "ಝೀರೋ."

ಒಂದು ಕಾಲದಲ್ಲಿ ಇದೇ ಓಣಿಗೆ ಲೈನ್‌ಮನ್ ಬಂದರೆ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಬಾಕಿ ಉಳಿಸಿಕೊಂಡವರ ಫ್ಯೂಸ್ ಕಿತ್ತು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ. ಚೀಲದಲ್ಲಿ ಆಗಲೇ ನಾಲ್ಕಾರು ಮನೆಯ ಫ್ಯೂಸುಗಳಿದ್ದು, ಅವನು ನಡೆದರೆ ಪಿಂಗಾಣಿ ಕಿಣಿಕಿಣಿ ಎನ್ನುತ್ತಿತ್ತು. ನಮ್ಮ ಮನೆಯದೂ ಎರಡು ಸಲ ಆ ಚೀಲ ಸೇರಿದೆ. ಕತ್ತಲೆಗೆ ನಾವು ಹುಡುಗರು ಹೆದರಿದವರಲ್ಲ. ಇಡೀ ಬೀದಿಯಲ್ಲಿ ಕರೆಂಟ್ ಹೋದರೆ ನಮಗೆ ಹಬ್ಬ. ಆದರೆ ಐದು ಮನೆಯಲ್ಲಿ ದೀಪ ಉರಿದು ಒಂದರಲ್ಲಿ ಮಾತ್ರ ಕತ್ತಲಾದರೆ ಆ ಕತ್ತಲೆ ಬೇರೆ. ಅಮ್ಮ ಸೀಮೆಎಣ್ಣೆ ಬುಡ್ಡಿ ಹಚ್ಚಿ, "ಫ್ಯೂಸ್ ಸುಟ್ಟೋಯ್ತು ಕಣ್ರೀ" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಪಕ್ಕದವರೂ ನಂಬಿದ ಹಾಗೆ ಮಾಡುತ್ತಿದ್ದರು. ಕಟ್ಟಿದ ಬಿಲ್ಲುಗಳನ್ನು ಅಪ್ಪ ಗೋಡೆಯ ಮೊಳೆಗೆ ನೇತುಹಾಕಿದ ತಂತಿಗೆ ಚುಚ್ಚುತ್ತಿದ್ದರು. ಬೆಳ್ಳುಳ್ಳಿ ಗೊಂಚಲಿನ ಹಾಗೆ ವರ್ಷವರ್ಷದ ಬಿಲ್ಲು. ಆಫೀಸಿನವರು ಕಟ್ಟಿಲ್ಲವೆಂದರೆ ತೋರಿಸಲು ಬೇಕಲ್ಲ!

ಈಗ ಝೀರೋ. 2023ರ ಚುನಾವಣೆಯ ಹೊತ್ತಿನಲ್ಲಿ ಉಚಿತ ಕರೆಂಟಿನ ಭರವಸೆ ಕೇಳಿ ಊರಿಗೂರೇ "ನಿಂಗೂ ಫ್ರೀ, ನಂಗೂ ಫ್ರೀ" ಎಂದು ತಮಾಷೆ ಮಾಡಿತ್ತು. ಜೂನ್ 18ಕ್ಕೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಗೃಹಜ್ಯೋತಿ ಯೋಜನೆಯ ನೋಂದಣಿ ಶುರುವಾದಾಗ ತಮಾಷೆ ಮಾಡಿದವರೇ ಸಾಲಿನಲ್ಲಿ ಮುಂದಿದ್ದರು. ಆಧಾರ್ ಬೇಕು, ಬಿಲ್ಲಿನ ಮೇಲಿನ ಅಕೌಂಟ್ ನಂಬರ್ ಬೇಕು, ಮೊಬೈಲ್ ಬೇಕು, ಅಷ್ಟೆ. ಮೀಟರು ತೀರಿಹೋದ ಮಾವನವರ ಹೆಸರಿನಲ್ಲಿದ್ದರೂ ಆಯಿತು, ಬಾಡಿಗೆಯವರಾದರೂ ಆಯಿತು. ಅಜ್ಜಿಗೆ ಕಷ್ಟವಾದದ್ದು ಮೂರನೆಯದು. ಅವರ ಆಧಾರಿಗೆ ಜೋಡಿಸಿದ್ದು ಪುಣೆಯಲ್ಲಿರುವ ಮಗನ ನಂಬರು. ಇಲ್ಲಿ ಕೌಂಟರಿನಲ್ಲಿ ಬೆರಳು ಕಾಯುತ್ತಿದ್ದರೆ ಒಟಿಪಿ ಪುಣೆಗೆ ಹೋಗಿ, ಮಗ ಮೀಟಿಂಗಿನಿಂದ ಹೊರಗೆ ಬಂದು, ಫೋನಿನಲ್ಲಿ ಓದಿ ಹೇಳುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತಿತ್ತು. ಮೂರು ದಿನ ಓಡಾಡಿದರು. ಜುಲೈನಲ್ಲಿ ಉರಿಸಿದ ಕರೆಂಟಿಗೆ ಆಗಸ್ಟ್‌ನಲ್ಲಿ ಮೊದಲ ಸೊನ್ನೆ ಬಿಲ್ಲು ಬಂತು.

ಯೋಜನೆಗೆ ಕಲಬುರಗಿಯಲ್ಲಿ ವಿಧ್ಯುಕ್ತ ಚಾಲನೆ ಕೊಟ್ಟದ್ದು ಆಗಸ್ಟ್ 5ರಂದು. ಬೆಂಗಳೂರಿನ ಮಾರುಕಟ್ಟೆ ಬಳಿ ಬೀದಿದೀಪ ಮೊದಲು ಹೊತ್ತಿದ್ದೂ ಆಗಸ್ಟ್ 5ರಂದೇ, 1905ರಲ್ಲಿ. ಯಾರಾದರೂ ಹುಡುಕಿ ಇಟ್ಟ ಮುಹೂರ್ತವೋ ಕಾಕತಾಳೀಯವೋ ಕಾಣೆ. ನಮ್ಮ ಮೈಸೂರಿನವರಿಗೆ ಈ ವಿಷಯದಲ್ಲಿ ಸಣ್ಣದೊಂದು ಮುನಿಸಿದೆ. ಕರೆಂಟು ಹುಟ್ಟಿದ್ದು ಇಲ್ಲಿಂದ ಎರಡು ಗಂಟೆ ದಾರಿಯ ಶಿವನಸಮುದ್ರದಲ್ಲಿ, 1902ರಲ್ಲಿ. ಹುಟ್ಟಿದ್ದೇ ಕೋಲಾರದ ಚಿನ್ನದ ಗಣಿಗೆ ಓಡಿಹೋಯಿತು. ಮೈಸೂರಿನ ದೀಪ ಹೊತ್ತಿದ್ದು 1908ರಲ್ಲಿ. ಮೊದಲು ಚಿನ್ನ, ಆಮೇಲೆ ಮನೆ.

ಇರಲಿ, ಓಣಿಗೆ ಬರೋಣ. ಹುಡುಗ ಹೇಳುವುದು ಸೊನ್ನೆ ಎಂದೆನಲ್ಲ, ಆ ಸೊನ್ನೆಗಳು ಒಂದೇ ಅಳತೆಯವಲ್ಲ. ಇದನ್ನು ಓಣಿಗೆಲ್ಲ ಬಿಡಿಸಿ ಹೇಳಿದವರು ಮೂರನೇ ಮನೆಯ ನಿವೃತ್ತ ಮೇಷ್ಟ್ರು. ಗಣಿತ ಕಲಿಸಿದವರು. ಕ್ಯಾಲೆಂಡರಿನ ತಾರೀಖಿನ ಚೌಕದಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ದಿನದಿನದ ಮೀಟರ್ ರೀಡಿಂಗನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ಜನ "ಇನ್ನೂರು ಯೂನಿಟ್ ಫ್ರೀ" ಎನ್ನುತ್ತಾರೆ. ಇನ್ನೂರು ಎನ್ನುವುದು ಬೇಲಿ, ಅಳತೆಯಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅದು, ಅದರ ಮೇಲೆ ಶೇಕಡ 10. ಅಷ್ಟೇ ನಿಮ್ಮ ಪಾಲು. ಪಾಲಿಗಿಂತ ಹೆಚ್ಚು ಉರಿಸಿ ಇನ್ನೂರರ ಒಳಗಿದ್ದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು. ಬೇಲಿ ಹಾರಿದಿರೋ, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು. ಮಾಲೀಕರಿಗೆ ಒಮ್ಮೆ ಹಾಗಾಯಿತು. ಮಗಳ ಸೀಮಂತಕ್ಕೆ ಬಂದ ನೆಂಟರು ನಾಲ್ಕು ದಿನ ಗೀಸರಿನಲ್ಲಿ ಮಿಂದು ಹೋದರು. ಆ ತಿಂಗಳ 201ನೇ ಯೂನಿಟ್ಟಿನ ಬೆಲೆ ಸಾವಿರ ರೂಪಾಯಿಗೂ ಮೇಲೆ. ಈಗ ತಿಂಗಳ ಕೊನೆಯ ವಾರ ಅವರ ಹಿತ್ತಲಲ್ಲಿ ಹಂಡೆ ಒಲೆ ಹೊಗೆಯಾಡುತ್ತದೆ.

ಆ ಒಂದು ವರ್ಷ, 2022ರ ಏಪ್ರಿಲಿನಿಂದ 2023ರ ಮಾರ್ಚಿನವರೆಗೆ, ನಮ್ಮನ್ನು ಯಾರೋ ಅಳೆಯುತ್ತಿದ್ದಾರೆ ಎಂದು ಯಾರಿಗೆ ಗೊತ್ತಿತ್ತು? ಫೋಟೊ ತೆಗೆಯುತ್ತಾರೆಂದು ಗೊತ್ತಿದ್ದರೆ ತಲೆ ಬಾಚಿಕೊಳ್ಳುತ್ತಿದ್ದೆವು. ಮಾಲೀಕರ ಮನೆಯಲ್ಲಿ ಆ ವರ್ಷ ಇಬ್ಬರು ಮಕ್ಕಳು, ಸೊಸೆ, ಫ್ರಿಜ್ಜು, ಎರಡು ಟಿವಿ. ಅವರ ಪಾಲು 190ರ ಹತ್ತಿರ. ಅಜ್ಜಿ ಆ ವರ್ಷ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿ ಐದು ತಿಂಗಳು ಮನೆಗೆ ಬೀಗ. ಇದ್ದಾಗಲೂ ಹಾಲಿನಲ್ಲಿ ಜನವಿಲ್ಲದಿದ್ದರೆ ಲೈಟ್ ಆರಿಸಿ ಅಡುಗೆಮನೆಗೆ ಹೋಗುವವರು, ಮಿಕ್ಸಿ ಇದ್ದರೂ ಚಟ್ನಿಗೆ ಒರಳು. ಅವರ ಸರಾಸರಿ 22 ಎಂದು ಬಂತು. ಶೇಕಡ 10 ಸೇರಿಸಿದರೆ 24. ಒಬ್ಬ ಮಗಳ ಬಾಣಂತನ ಈ ಲೆಕ್ಕದಲ್ಲಿ ತಾಯಿಗೆ ತಿಂಗಳುತಿಂಗಳು ಖರ್ಚಾಗುತ್ತಿದೆ.

ಉಳಿಸಿದವರಿಗೆ ಕಡಿಮೆ, ಉರಿಸಿದವರಿಗೆ ಹೆಚ್ಚು ಎನ್ನುವ ಈ ಲೆಕ್ಕ ನನಗೆ ಇವತ್ತಿಗೂ ಒಗ್ಗುವುದಿಲ್ಲ. ಎಲ್ಲರಿಗೂ ಇನ್ನೂರು ಎಂದಿದ್ದರೆ ಎಲ್ಲರೂ ಇನ್ನೂರರವರೆಗೆ ಉರಿಸುತ್ತಿದ್ದರು, ಆ ದುಡ್ಡನ್ನು ಸರ್ಕಾರ ವಿದ್ಯುತ್ ಕಂಪನಿಗಳಿಗೆ ಎಣಿಸಬೇಕಿತ್ತು ಎನ್ನುವ ವಾದವೂ ಸುಳ್ಳಲ್ಲ. ಸಣ್ಣ ಪಾಲಿನವರ ಗೊಣಗಾಟ ಮೇಲಿನವರೆಗೆ ಮುಟ್ಟಿತೆಂದು ಕಾಣುತ್ತದೆ. 2024ರ ಜನವರಿಯಲ್ಲಿ, 48 ಯೂನಿಟ್ಟಿಗಿಂತ ಕಡಿಮೆ ಸರಾಸರಿಯವರಿಗೆ ಶೇಕಡ 10ರ ಬದಲು 10 ಯೂನಿಟ್ಟನ್ನೇ ಸೇರಿಸಿ ಕೊಡುವುದೆಂದು ಸಂಪುಟ ತೀರ್ಮಾನಿಸಿತು. ಅಜ್ಜಿಯ ಪಾಲು 32 ಆಯಿತು.

ಅಷ್ಟರಲ್ಲಿ ಮಾಲೀಕರು ತಾರಸಿಯ ಮೇಲೊಂದು ಕೋಣೆ ಕಟ್ಟಿಸಿ ಅಲ್ಲೇ ಮೇಲೆ ಹೊಸ ಮೀಟರ್ ಹಾಕಿಸಿದರು. ಬಾಡಿಗೆಗೆ ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಹಿಂದಿನ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53, ಅದಕ್ಕೆ ಶೇಕಡ 10 ಸೇರಿ 58. ಸುದ್ದಿ ಕೇಳಿ ಅಜ್ಜಿ ಬಾವಿಕಟ್ಟೆಯಲ್ಲಿ ಕೂತು ನಕ್ಕರು. "ನಲವತ್ತು ವರ್ಷದಿಂದ ಇಲ್ಲೇ ಇದ್ದೋಳ್ಗೆ ಮೂವತ್ತೆರಡು, ನಿನ್ನೆ ಬಂದೋರ್ಗೆ ಐವತ್ತೆಂಟು. ನಾನೂ ಮನೆ ಖಾಲಿ ಮಾಡಿ ಹೊಸಬ್ಳಾಗಿ ಬರ್ತೀನಿ ಕಣಪ್ಪ."

ಪಾತ್ರೆ ತೊಳೆಯಲು ಬರುವ ಹೆಂಗಸಿನ ಕಥೆ ಬೇರೆ. ಅವರದು ಮೊದಲಿನಿಂದ, ಬಡವರಿಗೆಂದಿದ್ದ ಭಾಗ್ಯಜ್ಯೋತಿ ಯೋಜನೆಯ ಮನೆ. ಒಂದು ಕಾಲಕ್ಕೆ ತಿಂಗಳಿಗೆ 18 ಯೂನಿಟ್ ಉಚಿತ. ಅರವತ್ತರ ಒಂದು ಬಲ್ಬು ದಿನಕ್ಕೆ ಹತ್ತು ಗಂಟೆ ಉರಿದರೆ ತಿಂಗಳಿಗೆ ಸರಿಯಾಗಿ 18. ಒಂದು ಮನೆ, ಒಂದು ಬಲ್ಬು ಎಂದು ಯಾರೋ ಲೆಕ್ಕ ಹಾಕಿಟ್ಟಿದ್ದರು! ಆಮೇಲೆ ಅದು 40 ಆಯಿತು, ಗೃಹಜ್ಯೋತಿಯೊಳಗೆ ಸೇರಿ 58. ಆಕೆ ಹೋದ ವರ್ಷ ಸೆಕೆಂಡ್‌ಹ್ಯಾಂಡ್ ಮಿಕ್ಸಿ ಕೊಂಡರು. ಕಲ್ಲಿನಲ್ಲಿ ಖಾರ ಅರೆದು ಆಮೇಲೆ ಐದು ಮನೆಯ ಪಾತ್ರೆ ತಿಕ್ಕುತ್ತಿದ್ದ ಕೈ ಅದು. "ಅರ್ಧ ಗಂಟೆ ಜಾಸ್ತಿ ನಿದ್ದೆ ಮಾಡ್ತೀನಿ ಕಣಕ್ಕ" ಎಂದು ಹೊಲಿಗೆಯ ಅಕ್ಕನ ಹತ್ತಿರ ಹೇಳುತ್ತಿದ್ದರು.

ಬಾಡಿಗೆ ಮನೆಗಳಲ್ಲಿ ಸೊನ್ನೆಗೂ ವಾರಸುದಾರರ ಜಗಳ. ಎರಡನೇ ಮನೆಯಲ್ಲಿದ್ದ ಹುಡುಗ ತನ್ನ ಆಧಾರ್ ಜೋಡಿಸಿ ಸೊನ್ನೆ ಬಿಲ್ಲು ಅನುಭವಿಸಿ, ಕೆಲಸ ಸಿಕ್ಕಿತೆಂದು ಊರು ಬಿಟ್ಟ. ಬಿಟ್ಟಮೇಲೂ ಮೀಟರು ಅವನನ್ನು ಬಿಡಲಿಲ್ಲ. ಹೊಸಬರು ಅರ್ಜಿ ಹಾಕಿದರೆ, ಈ ನಂಬರು ಆಗಲೇ ಜೋಡಣೆಯಾಗಿದೆ ಎಂಬ ಉತ್ತರ. ಅತ್ತ ಹುಡುಗನಿಗೂ ಹೊಸ ಊರಿನ ಮನೆಗೆ ಸಿಗದು. 2024ರಲ್ಲಿ ಆಧಾರ್ ಬಿಡಿಸಿಕೊಳ್ಳುವ ದಾರಿ ಸೇವಾಸಿಂಧುವಿನಲ್ಲೇ ಆದ ಮೇಲೆ ಗಂಟು ಬಿಚ್ಚಿತು. ಪಕ್ಕದ ಬೀದಿಯಲ್ಲಿ ಇನ್ನೊಂದು ಬಗೆ. ನಾಲ್ಕು ಬಾಡಿಗೆ ಮನೆಗೆ ಒಂದೇ ಮೀಟರು, ಒಳಗೆ ಮಾಲೀಕರೇ ಕೂರಿಸಿದ ಸಬ್‌ಮೀಟರುಗಳು. ಅವರಿಗೆ ಯಾವ ಸೊನ್ನೆಯೂ ಇಲ್ಲ, ಮಾಲೀಕರು ಹೇಳಿದ್ದೇ ರೇಟು. ಅಲ್ಲಿನವರು ನಮ್ಮ ಓಣಿಯ ಮೀಟರುಗಳನ್ನು ನೋಡುವ ನೋಟವನ್ನು ನಾನು ಗಮನಿಸಿದ್ದೇನೆ.

ಹೋದ ತಿಂಗಳು ಬಿಲ್ಲಿನ ಹುಡುಗ ಐದು ಸಲ "ಝೀರೋ" ಎಂದು, ಕೊನೆಯ ಮೀಟರಿನ ಮುಂದೆ ಒಂದು ಕ್ಷಣ ತಡೆದ. "ಅಜ್ಜಿ, ನಿಮ್ದು ಮೂವತ್ನಾಲ್ಕು ರೂಪಾಯಿ."

"ಪ್ರತಿ ತಿಂಗ್ಳೂ ನಂದೊಂದೇ ಹಿಂಗ್ಯಾಕಪ್ಪ?"

"ಮೂವತ್ತೇಳು ಯೂನಿಟ್ ಆಗಿದೆ ಅಜ್ಜಿ. ಐದು ಜಾಸ್ತಿ. ನಾನೇನ್ ಮಾಡ್ಲಿ, ಮಿಷನ್ ಹೇಳೋದು."

"ನಿನ್ನನ್ನ ಅಂದ್ನಾ? ನಿಂತ್ಕೋ, ಮಜ್ಜಿಗೆ ಕುಡಿದು ಹೋಗು, ಬಿಸ್ಲು."

ಮೇಷ್ಟ್ರು ಬನಿಯನ್ನಿನಲ್ಲೇ ಹೊರಗೆ ಬಂದರು. ಐದು ಯೂನಿಟ್ ಎಲ್ಲಿ ಹೋಗುತ್ತಿದೆ ಎಂದು ಕಂಡುಹಿಡಿಯದೆ ಅವರಿಗೆ ಊಟ ಸೇರದು. ಅಜ್ಜಿಯ ಮನೆಯೊಳಗೆ ಹೋಗಿ ಫ್ಯಾನು, ಟಿವಿ, ಟ್ಯೂಬ್‌ಲೈಟುಗಳನ್ನು ಒಂದೊಂದಾಗಿ ವಿಚಾರಣೆ ಮಾಡಿ, ಕೊನೆಗೆ ದೇವರ ಗೂಡಿನ ಮುಂದೆ ನಿಂತರು. ಕೆಂಪು ಬಣ್ಣ ಬಳಿದ, ಮೇಲೆ ಧೂಳು ಕಟ್ಟಿದ ಹಳೆಯ ಬುರುಡೆ ಬಲ್ಬು. "ಇದು ಎಷ್ಟು ಹೊತ್ತು ಉರಿಯತ್ತೆ?"

"ಸಂಜೆ ಹಾಕಿದ್ರೆ ಬೆಳಿಗ್ಗೆ ಆರಕ್ಕೆ ಆರಿಸ್ತೀನಿ. ಅದು ಝೀರೋ ಅಲ್ವ ಮೇಷ್ಟ್ರೇ?"

"ಹೆಸರಿಗೆ ಝೀರೋ. ಇದು ಹದಿನೈದು ವ್ಯಾಟ್ ತಿನ್ನತ್ತೆ." ಗೋಡೆಗೆ ಬೆರಳಿನಲ್ಲೇ ಗೀಚಿ ಗುಣಿಸಿದರು. ಹದಿನೈದನ್ನು ಹನ್ನೆರಡು ಗಂಟೆಗೆ, ಅದನ್ನು ಮೂವತ್ತು ದಿನಕ್ಕೆ. ತಿಂಗಳಿಗೆ ಐದೂಕಾಲು ಯೂನಿಟ್ಟಿಗೂ ಮೇಲೆ. "ನಿಮ್ಮ ಮೂವತ್ನಾಲ್ಕು ರೂಪಾಯಿ ಇಲ್ಲಿ ಉರೀತಾ ಇದೆ ನೋಡಿ. ಎಲ್‌ಇಡಿದು ಅರ್ಧ ವ್ಯಾಟ್‌ದು ಬರತ್ತೆ, ನಾನೇ ತಂದು ಹಾಕ್ತೀನಿ."

ಅಜ್ಜಿ ಬಲ್ಬನ್ನು ನೋಡಿದರು. ಅದರ ಬೆಚ್ಚಗಿನ ಮಗ್ಗುಲಲ್ಲಿ ಒಂದು ಹಲ್ಲಿ ಅಂಟಿಕೊಂಡಿತ್ತು. "ಬೇಡ. ಕೆಟ್ಟಾಗ ನೋಡೋಣ."

"ಇದು ಕೆಡಲ್ವಲ್ಲ ಅಜ್ಜಿ!"

"ಹೌದಲ್ಲ" ಎಂದರು ಅಜ್ಜಿ, ಅದೇ ಸರಿಯಾದ ಕಾರಣ ಎನ್ನುವಂತೆ.

ಸೆರಗಿನ ಗಂಟು ಬಿಚ್ಚಿ ಎರಡು ಹತ್ತರ ನೋಟು, ಚಿಲ್ಲರೆ ಎಣಿಸಿ ನನ್ನ ಕೈಗೆ ಹಾಕಿದರು. ಕೌಂಟರಿಗೆ ಹೋಗುವ ಕಾಲ ಅವರಿಗಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ಕಟ್ಟಿದೆ, ಟಣ್ ಎಂದಿತು. "ಆಯ್ತು ಅಜ್ಜಿ."

"ರಸೀದಿ?"

"ಇಲ್ಲೇ ಬಂತು ನೋಡಿ, ಫೋನಲ್ಲಿ."

ಕನ್ನಡಕ ಹುಡುಕಿ ಹಾಕಿಕೊಂಡು ಪರದೆಯನ್ನು ದೂರ ಹಿಡಿದು ಓದಿದರು. ಆಮೇಲೆ ಬಾಗಿಲ ಹಿಂದಿನ ಮೊಳೆಯಿಂದ ಇಳಿಬಿದ್ದ ತಂತಿಯ ಕಡೆ ಕೈ ತೋರಿಸಿ ಕೇಳಿದರು: "ಇದನ್ನ ಅಲ್ಲಿಗೆ ಹೆಂಗಪ್ಪ ಚುಚ್ಚೋದು?"